ಬೋರ್‌ವೆಲ್‌ನ ಸವಳು ನೀರಿನಲ್ಲಿ ಕ್ಲೌನ್ ಮೀನು ಸಾಕಬಹುದೇ?

ಚಳ್ಳಕೆರೆ, ಮೊಳಕಾಲ್ಮೂರು ಕಡೆ ಕೆಲವು ಬೋರ್‌ವೆಲ್‌ಗಳ ನೀರು ಸವಳು. ಅದಕ್ಕೆ ಒಂದಿಷ್ಟು ಅಡುಗೆ ಉಪ್ಪು ಬೆರೆಸಿದರೆ ಸಮುದ್ರದ ಕ್ಲೌನ್ ಮೀನು ಬದುಕೀತೇ? ಇಲ್ಲ. ಲೆಕ್ಕ ಹಾಕಿ ನೋಡೋಣ.

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಲೀಟರಿಗೆ 2 ಗ್ರಾಂ ಲವಣವಿದ್ದರೇ ನಮ್ಮ ಬಾಯಿಗೆ ನೀರು ಸವಳೆನಿಸುತ್ತದೆ. ಅಡುಗೆ ಉಪ್ಪು ಬಹುತೇಕ ಸೋಡಿಯಂ ಕ್ಲೋರೈಡ್ ಮಾತ್ರ. ಸಮುದ್ರದ ನೀರಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಕೂಡ ಇರುತ್ತವೆ.

ಸರಿಯಾದ ಕ್ರಮ ಹೀಗಿದೆ:

• ಆರ್‌ಒ ನೀರಿಗೆ ಅಕ್ವೇರಿಯಂ ಅಂಗಡಿಯ ಮರೀನ್ ಸಾಲ್ಟ್ ಬೆರೆಸಿ. ಸಾಂದ್ರತೆ ಮಾಪಕ 1.025ರ ಆಸುಪಾಸು ತೋರಿಸಬೇಕು.

• ಒಂದು ಜೋಡಿಗೆ ಸುಮಾರು 80 ಲೀಟರ್ ತೊಟ್ಟಿ ಸಾಕು.

• ತಕ್ಷಣ ಮೀನು ಬಿಡಬೇಡಿ. ಮೀನಿನ ತ್ಯಾಜ್ಯದಿಂದ ಬರುವ ಅಮೋನಿಯಾ ವಿಷ. ಅದನ್ನು ಕರಗಿಸುವ ಬ್ಯಾಕ್ಟೀರಿಯಾ ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದ ಮೇಲೆಯೇ ಮೀನು ತನ್ನಿ.

• ನಮ್ಮ ಕಡೆಯ ಬೇಸಿಗೆಯೇ ದೊಡ್ಡ ಸವಾಲು. ನೀರು 25ರಿಂದ 27 ಡಿಗ್ರಿಯಲ್ಲಿರಲಿ. ತೊಟ್ಟಿಯನ್ನು ಬಿಸಿಲಿನಿಂದ ದೂರವಿಡಿ.

• ನೀರು ಆವಿಯಾದರೂ ಉಪ್ಪು ಉಳಿಯುತ್ತದೆ. ಹಾಗಾಗಿ ಕಡಿಮೆಯಾದಷ್ಟಕ್ಕೆ ಬರೀ ಆರ್‌ಒ ನೀರು ಸೇರಿಸಿ, ಉಪ್ಪುನೀರು ಬೇಡ.

ಉಪ್ಪಾಗಿರುವ ನೀರೆಲ್ಲ ಸಮುದ್ರದ ನೀರಲ್ಲ. ಮೀನು ಸಾಕಲು ಹೊರಟ ಗೆಳೆಯರಿಗೆ ಇದನ್ನು ತಿಳಿಸಿ. ಹಣವೂ ಉಳಿಯುತ್ತದೆ, ಮೀನಿನ ಜೀವವೂ ಉಳಿಯುತ್ತದೆ.