ಹೊಸ್ತಿಲಿನಾಚೆಯ ನೆಲ

ಸಾಂಗಲಿ, ಮಿರಜಗಳ ಹಳೆಯ ಓಣಿಗಳಲ್ಲಿ ಹೊಸ್ತಿಲಿಗೂ ಬೀದಿಗೂ ನಡುವೆ ಉಳಿಯುವ ಕಿರುನೆಲವು ಯಾರದು? ಮನೆಯವರು ಅದನ್ನು ಗುಡಿಸಿ, ನೀರು ಚಿಮುಕಿಸಿ, ರಂಗವಲ್ಲಿಯಿಡುವರು. ದಾರಿಹೋಕನು ಅದರ ಮೇಲೆಯೇ ನಡೆದುಹೋಗುವನು.

ಪ್ರಶ್ನೆ ಹಳೆಯದು. ಕಲ್ಯಾಣ ಚಾಲುಕ್ಯರ ಆಳಿಕೆ ಈ ಸೀಮೆಯವರೆಗೆ ಹಬ್ಬಿದ್ದಿತೆಂಬುದಕ್ಕೆ ಇಮ್ಮಡಿ ಜಯಸಿಂಹನ 1024ರ ಮಿರಜ ತಾಮ್ರಶಾಸನವು ಸಾಕ್ಷಿ. ಅದೇ ವಂಶದ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದನು. ಆಸ್ತಿಯ ಪಾಲುಹಂಚಿಕೆಗಾಗಿ ಅದನ್ನು ಎಲ್ಲರೂ ಬಲ್ಲರು. ಸೀಮಾವಿವಾದದ ಪ್ರಕರಣವನ್ನು ಬಲ್ಲವರು ವಿರಳ. ಎಲ್ಲೆಯನ್ನು ತೋರಿಸತಕ್ಕವರು ನೆರೆಯವರು, ವೃದ್ಧರು, ಗೋವಳರು, ಉಳುವವರು. ಕುರುಹುಗಳೆಂದರೆ ಮರ, ಹುತ್ತ, ಹೊಟ್ಟು, ಇದ್ದಿಲು. (ಇದ್ದಿಲು ನೆಲದಲ್ಲಿ ಕೊಳೆಯದಷ್ಟೆ!) ತೋಟಕ್ಕೂ ಮನೆಗೂ ಮಳೆನೀರು ಹರಿಯುವ ದಾರಿಗೂ ಇದೇ ವಿಧಿಯೆಂದು ಸ್ಮೃತಿಯು ಹೇಳುತ್ತದೆ.

ಮಳೆನೀರನ್ನು ಹೆಸರಿಸಿ ಹೇಳಿದ್ದೇ ನಮಗೆ ಮುಖ್ಯವಾಗಿ ತೋರುತ್ತದೆ. ಒಬ್ಬನು ಕಟ್ಟೆಯನ್ನು ಮೊಳದಷ್ಟು ಮುಂದೆ ಚಾಚಿ ಗಟಾರವನ್ನು ಮುಚ್ಚಿದರೆ, ನೀರು ನೆರೆಮನೆಯ ಹೊಸ್ತಿಲನ್ನು ಹುಡುಕಿಕೊಂಡು ಹೋಗುತ್ತದೆ. 2019ರ ಆಗಸ್ಟಿನ ಕೃಷ್ಣೆಯ ಮಹಾಪೂರಕ್ಕೆ ಇಂಥ ಕಟ್ಟೆಗಳು ಕಾರಣವೆಂದರೆ ಉತ್ಪ್ರೇಕ್ಷೆಯಾದೀತು. ಆದರೆ ಸಾಧಾರಣ ಮಳೆಗೆ ಓಣಿಯು ಕೆರೆಯಾಗಲು ನದಿಯೇ ಉಕ್ಕಬೇಕಾಗಿಲ್ಲ.

ಮರದ ಮಾತು ಬೇರೆ. 1975ರ ಮಹಾರಾಷ್ಟ್ರದ ನಗರ ವೃಕ್ಷಸಂರಕ್ಷಣ ಕಾಯಿದೆಯಂತೆ, ಸ್ವಂತ ಅಂಗಳದಲ್ಲಿ ತಾನೇ ನೆಟ್ಟ ಬೇವನ್ನು ಸಹ ಅಪ್ಪಣೆಯಿಲ್ಲದೆ ಕಡಿಯುವಂತಿಲ್ಲ. ಇದು ಸರಿಯಾದ ಕಟ್ಟಳೆಯೆಂದೇ ನಮ್ಮ ಮತ.

1998ರಲ್ಲಿ ಸಾಂಗಲಿ, ಮಿರಜ, ಕುಪವಾಡಗಳು ಕೂಡಿ ಒಂದೇ ಮಹಾನಗರಪಾಲಿಕೆಯಾದವು. ಈಗ ಎಲ್ಲೆಗೆ ಸಾಕ್ಷಿ ಮೋಜಣಿಯ ನಕಾಶೆ. ಗೋವಳನನ್ನು ಯಾರೂ ಕರೆಯರು. ಸೂರಿನ ನೀರು ಯಾವ ಕಡೆಗೆ ಬೀಳಬೇಕೆಂಬುದನ್ನು ಮಾತ್ರ ಇಂದಿಗೂ ನೆರೆಯವರನ್ನೇ ಕೇಳಬೇಕಾಗುತ್ತದೆ.