‘ನಿದ್ದಿ ಗುಳಿಗಿ’ ಎಂಬ ಅರ್ಧ ಸತ್ಯ

ಆದವಾನಿ, ಆಲೂರು, ಕೋಸಿಗಿ ಕಡೆ ‘ಖಿನ್ನತೆ’ ಎಂದರೆ ಪುಸ್ತಕದ ಮಾತು. ‘ಜೀವಕ್ಕ ಬ್ಯಾಸರಾಗೇದ’, ‘ನಿದ್ದಿ ಹತ್ತವಲ್ದು’, ‘ಮೈಯಾಗ ಕಸುವಿಲ್ಲ’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಅದಕ್ಕೆ ಬರೆದುಕೊಡುವ ಔಷಧ ಯಾವುದೇ ಇರಲಿ, ಅದು ‘ನಿದ್ದಿ ಗುಳಿಗಿ’. ಎಡವಟ್ಟು ಶುರುವಾಗುವುದೇ ಇಲ್ಲಿ. ಆಲ್ಪ್ರಜೋಲಮ್‌ನಂಥ ಮಾತ್ರೆ ನುಂಗಿದ ರಾತ್ರಿಯೇ ಕಣ್ಣು ಮುಚ್ಚಿಸುತ್ತದೆ, ದಿನಾ ನುಂಗಿದರೆ ಚಟವಾಗುತ್ತದೆ. ಖಿನ್ನತೆಯ ಗುಳಿಗೆಯ ದಾರಿಯೇ ಬೇರೆ: ಹೊಟ್ಟೆ ತೊಳಸುವುದು, ಬಾಯಿ ಒಣಗುವುದು ಮೊದಲ ವಾರದಲ್ಲೇ ಬರುತ್ತವೆ, ಗುಣ ಕಾಣಲು ಎರಡರಿಂದ ಆರು ವಾರ ಬೇಕು. ಇದನ್ನು ಮೊದಲೇ ಹೇಳದಿದ್ದರೆ ಹತ್ತನೇ ದಿನಕ್ಕೆ ಗುಳಿಗೆ ಕಸದ ಪಾಲು.

ಖಿನ್ನತೆಯ ಮೊದಲ ಔಷಧಗಳನ್ನು ಯಾರೂ ಹುಡುಕಿಕೊಂಡು ಹೋಗಿರಲಿಲ್ಲ. 1952ರಲ್ಲಿ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯಕ್ಕೆಂದು ಐಪ್ರೋನಿಯಾಜಿಡ್ ಕೊಟ್ಟಾಗ ರೋಗಿಗಳು ವಿಚಿತ್ರವಾಗಿ ಗೆಲುವಾದರು. ಸ್ಕಿಜೋಫ್ರೇನಿಯಾಕ್ಕೆ ಪರೀಕ್ಷಿಸಿದ್ದ ಇಮಿಪ್ರಮಿನ್ ಖಿನ್ನತೆಗೆ ಒದಗುತ್ತದೆಂದು ಸ್ವಿಸ್ ವೈದ್ಯ ರೋಲಾಂಡ್ ಕುನ್ 1957ರಲ್ಲಿ ಪ್ರಕಟಿಸಿದರು. ನಮ್ಮ ಸರ್ಪಗಂಧಕ್ಕೂ ಈ ಕಥೆಯಲ್ಲಿ ಪಾಲಿದೆ. ಅದರಿಂದ ತೆಗೆದ ರಿಸರ್ಪಿನ್ ನುಂಗಿದ ಕೆಲವು ರಕ್ತದೊತ್ತಡದ ರೋಗಿಗಳು ಮಂಕಾದರು. ಅದು ಮೆದುಳಿನ ಸೆರೊಟೋನಿನ್, ನಾರ್‌ಅಡ್ರಿನಲಿನ್‌ಗಳನ್ನು ಬರಿದು ಮಾಡುವುದೂ ಗೊತ್ತಿತ್ತು. ಎರಡನ್ನೂ ಜೋಡಿಸಿ, ಖಿನ್ನತೆಯೆಂದರೆ ಈ ರಾಸಾಯನಿಕಗಳ ಕೊರತೆ ಎಂಬ ಸಿದ್ಧಾಂತ ಕಟ್ಟಿದರು. 1987ರ ಕೊನೆಗೆ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಫ್ಲೂಯಾಕ್ಸೆಟಿನ್ ಆ ಸಿದ್ಧಾಂತವನ್ನು ಮನೆಮಾತಾಗಿಸಿತು. ಸೆರೊಟೋನಿನ್ ಕೊರತೆಗೆ ಗಟ್ಟಿ ಪುರಾವೆಯಿಲ್ಲವೆಂದು 2022ರ ಸಮೀಕ್ಷೆಯೊಂದು ಹೇಳಿದಾಗ ಗುಳಿಗೆಯೇ ಸುಳ್ಳೆಂದು ಗದ್ದಲವೆದ್ದಿತು. ಆದರೆ ಸಿದ್ಧಾಂತ ತಪ್ಪಾದರೆ ಗುಳಿಗೆ ಸುಳ್ಳಾಗದು: ಬೇವಿನೆಣ್ಣೆ ಹಚ್ಚಿದರೆ ಕಜ್ಜಿ ಇಳಿಯುತ್ತದೆಂದ ಮಾತ್ರಕ್ಕೆ ಬೇವಿನೆಣ್ಣೆಯ ಕೊರತೆಯಿಂದಲೇ ಕಜ್ಜಿ ಎದ್ದಿತು ಎನ್ನಲಾಗದು, ಅಷ್ಟೆ.

ಹಾಗಾದರೆ ಗುಣ ಎಷ್ಟು? 522 ಪ್ರಯೋಗಗಳನ್ನು ಒಟ್ಟುಗೂಡಿಸಿದ 2018ರ ಲ್ಯಾನ್ಸೆಟ್ ವರದಿಯಲ್ಲಿ 21 ಔಷಧಗಳೂ ಹುಸಿ ಮಾತ್ರೆಗಿಂತ ಮೇಲಾದವು. ಆದರೆ ಅಂತರ ಸಾಧಾರಣ, ಪ್ರಯೋಗಗಳೂ ಬಹುಪಾಲು ಎಂಟು ವಾರದವು. ಬೇನೆ ಜೋರಿದ್ದವರಿಗೆ ನೆರವು ಹೆಚ್ಚು, ಹಗುರಿದ್ದವರಿಗೆ ಕಡಿಮೆ ಎಂಬುದು ಹಲವರ ಅಭಿಪ್ರಾಯ. 25ರೊಳಗಿನವರಲ್ಲಿ ಮೊದಲ ವಾರಗಳಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದೆಂಬ ಎಚ್ಚರಿಕೆಯೂ ಇದೆ.

ನಮಗೆ ಹತ್ತಿರದ ಪಾಠ ಗೋವೆಯದು. 2003ರಲ್ಲಿ ಪ್ರಕಟವಾದ ಮನೋವೈದ್ಯ ವಿಕ್ರಮ್ ಪಟೇಲರ ತಂಡದ ಪ್ರಯೋಗದಲ್ಲಿ ಫ್ಲೂಯಾಕ್ಸೆಟಿನ್ ಎರಡು ತಿಂಗಳವರೆಗೆ ಹುಸಿ ಮಾತ್ರೆಯನ್ನು ಮೀರಿಸಿತು, ಆಮೇಲೆ ಆ ಅಂತರ ಉಳಿಯಲಿಲ್ಲ. 2017ರಲ್ಲಿ ಪ್ರಕಟವಾದ ಅಲ್ಲಿಯದೇ ಇನ್ನೊಂದು ಪ್ರಯೋಗದಲ್ಲಿ, ತರಬೇತಿ ಪಡೆದ ಸಾಮಾನ್ಯರು ಆರೆಂಟು ಸಲ ಕೂತು ಮಾತಾಡಿ, ಬಿಟ್ಟ ಕೆಲಸಗಳಿಗೆ ರೋಗಿಯನ್ನು ಮತ್ತೆ ಹಚ್ಚಿದಾಗ ತೀವ್ರ ಖಿನ್ನತೆಯವರೂ ಸುಧಾರಿಸಿದರು. ಮಾತಿಗೆ ಬೇಕಾದದ್ದು ಮನೆಮಾತು. ನಮ್ಮ ಸೀಮೆ ಎಡವಿದ್ದು ಅಲ್ಲಿಯೇ.

ಆದವಾನಿ, ಆಲೂರು ತಾಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು, ಅಂದು ಆಂಧ್ರಕ್ಕೆ ಸೇರಿದವು. ಗಡಿ ಎಳೆದ ಮೂರು ದಶಕಗಳ ಮೇಲೆ, 1985ರಲ್ಲಿ, ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ತನ್ನ ಪ್ರಯೋಗಕ್ಕೆ ಅದೇ ಬಳ್ಳಾರಿಯನ್ನು ಆರಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಕೆಲವೇ ಔಷಧಗಳಿಂದ ಮನೋರೋಗಕ್ಕೆ ಊರಲ್ಲೇ ಚಿಕಿತ್ಸೆ ಕೊಡಿಸಿತು. ಅದರ ಗಮನ ಹೆಚ್ಚಾಗಿ ತೀವ್ರ ಮನೋರೋಗ ಮತ್ತು ಮೂರ್ಛೆರೋಗದ ಮೇಲಿತ್ತು, ಬ್ಯಾಸರದವರು ಹಿಂದುಳಿದರು. ಆದರೂ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಅದೇ. 1996ರಲ್ಲಿ ಆ ಕಾರ್ಯಕ್ರಮ ಅಂದಿನ ಆಂಧ್ರಕ್ಕೆ ಕಾಲಿಟ್ಟಾಗ ಮೊದಲ ಸರದಿ ಮೇದಕ್‌ಗೆ ಬಂತು. ಪಕ್ಕದ ಮನೆಯ ದೀಪ ನಮ್ಮ ಅಂಗಳಕ್ಕೆ ಬೀಳಲಿಲ್ಲ. ಇಂದಿಗೂ ಇಲ್ಲಿಯ ಎಷ್ಟೋ ಮಂದಿ ಬಳ್ಳಾರಿಯ ಬಸ್ಸು ಹತ್ತುತ್ತಾರೆ. ತೆಲುಗು ಬಾರದೆಂದಲ್ಲ. ವ್ಯವಹಾರ ಯಾವ ಭಾಷೆಯಲ್ಲಾದರೂ ಸಾಗುತ್ತದೆ, ಸಂಕಟ ತೋಡಿಕೊಳ್ಳುವುದು ಹಾಗಲ್ಲ.

ಗುಳಿಗೆ ಬಿಡುವುದೂ ಒಂದು ಕಲೆ. 2021ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ, ಬಹುಕಾಲ ನುಂಗಿ ಸುಧಾರಿಸಿದ್ದವರ ಪೈಕಿ ಮುಂದುವರಿಸಿದವರಲ್ಲಿ ನೂರಕ್ಕೆ 39 ಮಂದಿಗೆ, ಬಿಟ್ಟವರಲ್ಲಿ 56 ಮಂದಿಗೆ ವರ್ಷದೊಳಗೆ ಬೇನೆ ಮರುಕಳಿಸಿತು. ಅಂದರೆ ಬಿಟ್ಟೂ ಚೆನ್ನಾಗಿದ್ದವರು ಕಡಿಮೆಯೇನಲ್ಲ. ತಟ್ಟನೆ ಬಿಟ್ಟರೆ ತಲೆಸುತ್ತು, ಕಳವಳ, ನಿದ್ದೆಗೇಡು. ಹಬ್ಬಕ್ಕೋ ದುಡಿಮೆಗೋ ಊರು ಬಿಡುವ ಮುನ್ನ ತಿಂಗಳ ಗುಳಿಗೆ ಜೊತೆಗಿಟ್ಟುಕೊಳ್ಳಿ. ಸಾಕೆನಿಸಿದರೆ ಬರೆದುಕೊಟ್ಟ ಡಾಕ್ಟರನ್ನೇ ಕೇಳಿ ಮೆಲ್ಲಗೆ ಇಳಿಸಿ. ಬಳ್ಳಾರಿಯ ಬಸ್ಸಿಗೆ ಕಾಸಿಲ್ಲದ ದಿನ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಪುಕ್ಕಟೆ. ಕನ್ನಡದಲ್ಲೇ ಮಾತಾಡಿ.