ತೊಟ್ಟಿಲ ಬಳಿಯ ನಾಯಿ

ನಮ್ಮ ನುಡಿಯಲ್ಲಿ ನಾಯಿಗೆ ಎರಡು ಸ್ಥಾನಗಳಿವೆ. ಒಬ್ಬನನ್ನು ಹೀನಾಯವಾಗಿ ಬೈಯಬೇಕಾದಾಗ ನಾಯಿಯ ಹೆಸರನ್ನೆತ್ತುತ್ತೇವೆ; ಒಬ್ಬನ ನಿಷ್ಠೆಯನ್ನು ಕೊಂಡಾಡಬೇಕಾದಾಗಲೂ ಅದರ ಹೆಸರನ್ನೇ ಎತ್ತುತ್ತೇವೆ. ಚಿಕ್ಕ ಮಕ್ಕಳಿರುವ ಮನೆಗೆ ನಾಯಿಯೊಂದನ್ನು ತರುವ ಮಾತು ಹುಟ್ಟಿದಾಗ ಈ ಎರಡು ಭಾವಗಳೂ ಒಟ್ಟಿಗೆ ತಲೆಯೆತ್ತುತ್ತವೆ. ಮಕ್ಕಳು ಬೇಕೇ ಬೇಕೆಂದು ಹಟ ಹಿಡಿಯುತ್ತಾರೆ. ಅಜ್ಜಿಯವರು ಮಡಿ ಮೈಲಿಗೆಯ ಮಾತೆತ್ತುತ್ತಾರೆ. ತಾಯಿಗೆ ಕಚ್ಚೀತೆಂಬ ಭಯ, ತಂದೆಗೆ ಕಾವಲಿಗಾದೀತೆಂಬ ಆಸೆ. ಇವರಲ್ಲಿ ಯಾರ ಮಾತೂ ಹುರುಳಿಲ್ಲದ್ದಲ್ಲ. ಈ ಪ್ರಶ್ನೆ ಹೊಸದೂ ಅಲ್ಲ. ಮನುಷ್ಯನ ಮಕ್ಕಳೂ ನಾಯಿಗಳೂ ಒಂದೇ ಒಲೆಯ ಸುತ್ತ ಬೆಳೆಯಲು ತೊಡಗಿ ಸಾವಿರಾರು ವರ್ಷಗಳಾದುವು. ಆ ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡಿದರೆ, ನಾಯಿಯನ್ನು ಆರಿಸುವುದರಲ್ಲಿಯೂ ಸಾಕುವುದರಲ್ಲಿಯೂ ನಮಗೆ ಬೇಕಾದ ತಿಳಿವಳಿಕೆ ದೊರೆಯುತ್ತದೆ.

1914ರಲ್ಲಿ ಜರ್ಮನಿಯ ಬಾನ್ ನಗರದ ಬಳಿ ಓಬರ್‌ಕಾಸೆಲ್ ಎಂಬಲ್ಲಿ, ಕಲ್ಲು ತೆಗೆಯುತ್ತಿದ್ದ ಕೂಲಿಗಳಿಗೆ ಒಂದು ಸಮಾಧಿ ಕಂಡಿತು. ಅದರಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು, ಅವರ ಜೊತೆಯಲ್ಲಿ ಒಂದು ನಾಯಿ. ಅದು ಸುಮಾರು 14,000 ವರ್ಷಗಳ ಹಿಂದಿನದೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಆ ನಾಯಿಯ ಹಲ್ಲುಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ ಒಂದು ಮನಕರಗಿಸುವ ಸಂಗತಿ ಹೊರಬಿತ್ತು. ಅದು ಏಳು ತಿಂಗಳೂ ತುಂಬದ ಮರಿ. ಡಿಸ್ಟೆಂಪರ್ ಎಂಬ ಕ್ರೂರವಾದ ರೋಗದಿಂದ ವಾರಗಟ್ಟಲೆ ನರಳಿತ್ತು. ಯಾರಾದರೂ ಅದನ್ನು ಬೆಚ್ಚಗಿಟ್ಟು, ಶುಚಿಮಾಡಿ, ನೀರು ಆಹಾರಗಳನ್ನು ಕೊಡದಿದ್ದರೆ ಅಷ್ಟು ಕಾಲ ಅದು ಬದುಕುತ್ತಿರಲಿಲ್ಲ. ಬೇಟೆಗೂ ಕಾವಲಿಗೂ ಒದಗದ ರೋಗಿಷ್ಠ ಮರಿಯನ್ನು ಆ ಜನ ಉಪಚರಿಸಿದರು. ನಮ್ಮ ದೇಶದಲ್ಲಿ ಕಾಶ್ಮೀರದ ಬುರ್ಜಹೋಮ್‌ನ ನವಶಿಲಾಯುಗದ ನೆಲೆಯಲ್ಲಿಯೂ ಮನುಷ್ಯರ ಸಮಾಧಿಗಳಲ್ಲಿ ನಾಯಿಗಳು ದೊರೆತಿವೆ. ನಾಯಿಯನ್ನು ಸಾಕುವುದೆಂದರೆ ಅದರಿಂದ ಕೆಲಸ ತೆಗೆಯುವುದಷ್ಟೇ ಅಲ್ಲ, ಅದರ ಆರೈಕೆಯ ಹೊಣೆಯನ್ನು ಹೊರುವುದು ಎಂಬ ಭಾವನೆ ಇಷ್ಟು ಹಳೆಯದು.

ಕನ್ನಡ ನಾಡಿನಲ್ಲಿ ಇದಕ್ಕೆ ಕಲ್ಲಿನ ಸಾಕ್ಷ್ಯವೇ ಉಂಟು. ಮಂಡ್ಯದ ಸೀಮೆಯ ಆತಕೂರಿನಲ್ಲಿ ದೊರೆತ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನವನ್ನು ಚರಿತ್ರೆಯ ವಿದ್ಯಾರ್ಥಿಗಳು ಬಲ್ಲರು. ಅದರ ಕಾಲ ಕ್ರಿಸ್ತಶಕ 949-50. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಗೆದ್ದ ವಿಷಯವನ್ನು ಅದು ಹೇಳುತ್ತದೆ. ಆದರೆ ಕಲ್ಲಿನ ಮೇಲೆ ಕೊರೆದಿರುವ ಚಿತ್ರ ಯುದ್ಧದ್ದಲ್ಲ. ಒಂದು ನಾಯಿಯೂ ಒಂದು ಕಾಡುಹಂದಿಯೂ ಕಾದಾಡುತ್ತಿರುವುದು. ಯುದ್ಧದಲ್ಲಿ ಪರಾಕ್ರಮವನ್ನು ತೋರಿದ ಮಣಲೆರನೆಂಬ ವೀರನನ್ನು ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡೆಂದಾಗ, ಅವನು ಹೊನ್ನನ್ನು ಬೇಡದೆ ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಮುಂದೆ ಬೆಳತೂರಿನ ಗುಡ್ಡದಲ್ಲಿ ಆ ನಾಯಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಡಲಾಗಿ, ಎರಡೂ ಹೋರಾಡಿ ಸತ್ತುವು. ಮಣಲೆರನು ಕಾಳಿಗಾಗಿ ಕಲ್ಲು ನೆಡಿಸಿ, ಭೂಮಿಯನ್ನು ಬಿಟ್ಟು, ಆ ಸ್ಥಳದ ಗೊರವನು ಕಲ್ಲನ್ನು ಪೂಜಿಸದೆ ಉಣ್ಣಬಾರದೆಂದು ಕಟ್ಟುಮಾಡಿದನು.

ಈ ಶಾಸನವನ್ನು ನಾಯಿಯ ಶೌರ್ಯದ ಸ್ಮಾರಕವೆಂದು ಮಾತ್ರ ಓದುವುದು ವಾಡಿಕೆ. ನಾವು ಪ್ರಕೃತ ಗಮನಿಸಬೇಕಾದ ಅಂಶ ಮತ್ತೊಂದುಂಟು. ತನಗೆ ಏನು ಬೇಕು, ತಾನು ಬೇಡುವ ನಾಯಿ ಏನು ಮಾಡಬಲ್ಲುದು ಎಂಬುದು ಮಣಲೆರನಿಗೆ ಸ್ಪಷ್ಟವಾಗಿ ತಿಳಿದಿತ್ತು. ಪೂರ್ವಿಕರು ನಾಯಿಯನ್ನು ಗುಣ ನೋಡಿ ಆರಿಸುತ್ತಿದ್ದರು. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಸಾರಮೇಯ ವಿನೋದಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಮುಧೋಳದ ಘೋರ್ಪಡೆ ಮನೆತನದ ಮಾಲೋಜಿರಾವ್ ಅವರು ಅಲ್ಲಿಯ ಬೇಟೆನಾಯಿಯ ತಳಿಯನ್ನು ಪೋಷಿಸಿ, ಅದರ ಮರಿಗಳನ್ನು ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟರು. 2016ರಲ್ಲಿ ಭಾರತದ ಸೈನ್ಯವೂ ಈ ತಳಿಯ ಮರಿಗಳನ್ನು ತರಬೇತಿಗೆ ತೆಗೆದುಕೊಂಡಿತು. ನೀಳವಾದ ಕಾಲು, ಕಿರಿದಾದ ಸೊಂಟ, ದೂರದಲ್ಲಿ ಅಲುಗಿದುದನ್ನು ಕಂಡೊಡನೆ ಬೆನ್ನಟ್ಟುವ ಸ್ವಭಾವ, ಇವೆಲ್ಲ ಬಯಲಿನಲ್ಲಿ ಮೊಲವನ್ನಟ್ಟುವುದಕ್ಕಾಗಿ ತಲೆಮಾರುಗಳಿಂದ ಬೆಳೆಸಿದ ಗುಣಗಳು.

ಆದರೆ 1873ರಲ್ಲಿ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಸ್ಥಾಪಿತವಾಗಿ, ಶ್ವಾನಪ್ರದರ್ಶನಗಳೂ ವಂಶಾವಳಿಯ ದಾಖಲೆಗಳೂ ಪ್ರಬಲವಾದ ಮೇಲೆ ನಾಯಿಯ ಬೆಲೆ ಹೆಚ್ಚುಹೆಚ್ಚಾಗಿ ಅದರ ರೂಪದ ಮೇಲೆ ನಿಂತಿತು. ನಗರವಾಸಿಗಳಾದ ನಾವೂ ಈಗ ಮರಿಯ ಮುಖವನ್ನು ನೋಡಿ ಮರುಳಾಗುತ್ತೇವೆ. ಹಿಮದ ನಾಡಿಗೆ ತಕ್ಕ ದಟ್ಟವಾದ ಕೂದಲಿನ ನಾಯಿಯನ್ನು ನಮ್ಮ ಬೇಸಗೆಯಲ್ಲಿ ಮಹಡಿಯ ಮನೆಯೊಳಗೆ ಕೂಡಿಹಾಕುವುದೂ, ಓಡಲೆಂದೇ ಹುಟ್ಟಿದ ಬೇಟೆನಾಯಿಯನ್ನು ದಿನವೆಲ್ಲ ಸರಪಣಿಯಲ್ಲಿ ಬಿಗಿಯುವುದೂ ಅಪರೂಪವಲ್ಲ. ನಾಯಿ ಕೆರಳಿದರೆ, ಅದರ ಫಲವನ್ನು ಮೊದಲು ಉಣ್ಣುವುದು ಅದರ ಹತ್ತಿರ ಆಡುತ್ತಿರುವ ಮಗು.

ನಾಯಿಗೂ ಮಗುವಿಗೂ ಇರುವ ಸಂಬಂಧವನ್ನು ಕುರಿತು ಜಗತ್ತು ಹೇಳಿಕೊಂಡಿರುವ ಅತ್ಯಂತ ಪ್ರಸಿದ್ಧವಾದ ಕಥೆ ನಮ್ಮ ದೇಶದಲ್ಲೇ ಹುಟ್ಟಿತು. ಪಂಚತಂತ್ರದಲ್ಲಿ ಬರುವ ಬ್ರಾಹ್ಮಣಿಯ ಮತ್ತು ಮುಂಗುಸಿಯ ಕಥೆಯನ್ನು ತಿಳಿಯದವರಿಲ್ಲ. ತಾಯಿ ನೀರಿಗೆ ಹೋಗುತ್ತಾಳೆ. ಮಗುವನ್ನು ನೋಡಿಕೊಳ್ಳಬೇಕಾದ ತಂದೆ ಹೊರಗೆ ಹೊರಟುಹೋಗುತ್ತಾನೆ. ತೊಟ್ಟಿಲ ಬಳಿಗೆ ಬಂದ ಹಾವನ್ನು ಮುಂಗುಸಿ ಕೊಲ್ಲುತ್ತದೆ. ಅದರ ಬಾಯಿಗೆ ಹತ್ತಿದ ರಕ್ತವನ್ನು ಕಂಡ ತಾಯಿ ಮಗುವನ್ನೇ ಕೊಂದಿತೆಂದು ಬಗೆದು, ನೀರಿನ ಕೊಡವನ್ನು ಅದರ ಮೇಲೆ ಎತ್ತಿಹಾಕುತ್ತಾಳೆ. ಈ ಕಥೆ ಪಾರಸಿ, ಅರಬ್ಬಿ ಮೊದಲಾದ ಭಾಷೆಗಳ ದಾರಿಯಲ್ಲಿ ಪಶ್ಚಿಮಕ್ಕೆ ನಡೆಯಿತು. ಯೂರೋಪಿನಲ್ಲಿ ಮುಂಗುಸಿಯ ಸ್ಥಾನಕ್ಕೆ ನಾಯಿ ಬಂದಿತು. ವೇಲ್ಸ್ ದೇಶದ ಬೆಡ್‌ಗೆಲರ್ಟ್ ಎಂಬ ಊರಿನಲ್ಲಿ, ತೋಳದಿಂದ ಮಗುವನ್ನು ಕಾಪಾಡಿ ಒಡೆಯನ ಕೈಯಿಂದಲೇ ಸತ್ತ ಗೆಲರ್ಟ್ ಎಂಬ ನಾಯಿಯ ಸಮಾಧಿಯನ್ನು ಪ್ರವಾಸಿಗಳಿಗೆ ತೋರಿಸುತ್ತಾರೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ, ಊರಿಗೆ ಜನರನ್ನು ಸೆಳೆಯಲು ಅಲ್ಲಿಯ ಛತ್ರದ ಯಜಮಾನನೊಬ್ಬನು ಅದನ್ನು ಕಲ್ಪಿಸಿದನೆಂದು ಚರಿತ್ರಕಾರರು ಹೇಳುತ್ತಾರೆ.

ಇದಕ್ಕಿಂತ ವಿಚಿತ್ರವಾದುದು ಫ್ರಾನ್ಸಿನ ಲಿಯೋನ್ ಪ್ರಾಂತದ ವೃತ್ತಾಂತ. ಹದಿಮೂರನೆಯ ಶತಮಾನದಲ್ಲಿ ಬೂರ್‌ಬೋನಿನ ಸ್ಟೀಫನ್ ಎಂಬ ಕ್ರೈಸ್ತ ಸಂನ್ಯಾಸಿ, ಆ ಭಾಗದ ಹೆಂಗಸರು ಗಿನ್ನೆಫೋರ್ ಎಂಬ ಸಂತನಿಗೆ ಹರಕೆ ಹೊರುವುದನ್ನು ಕೇಳಿ ವಿಚಾರಿಸಿದನು. ಸಂತನು ಮನುಷ್ಯನಲ್ಲ, ನಾಯಿ! ಹಾವನ್ನು ಕೊಂದು ಮಗುವನ್ನು ಉಳಿಸಿ, ತಪ್ಪು ತಿಳಿದ ಯಜಮಾನನ ಕತ್ತಿಗೆ ಬಲಿಯಾದ ನಾಯಿ. ಅದರ ಸಮಾಧಿಯಿದ್ದ ತೋಪಿಗೆ ಹೆಂಗಸರು ಕಾಯಿಲೆಯ ಕೂಸುಗಳನ್ನು ತಂದು, ಎರಡು ಪಕ್ಕದಲ್ಲಿಯೂ ಮೇಣದ ಬತ್ತಿ ಹಚ್ಚಿಟ್ಟು, ಅದು ಉರಿದು ಮುಗಿಯುವವರೆಗೆ ಕೂಸನ್ನು ಒಂಟಿಯಾಗಿ ಬಿಟ್ಟು ದೂರ ಸರಿಯುತ್ತಿದ್ದರಂತೆ. ಕೆಲವು ಕೂಸುಗಳು ಬತ್ತಿಯ ಬೆಂಕಿ ತಗುಲಿ ಸತ್ತುವೆಂದು ಸ್ಟೀಫನ್ ಬರೆದಿದ್ದಾನೆ. ಅವನು ನಾಯಿಯ ಮೂಳೆಗಳನ್ನು ತೆಗೆಯಿಸಿ ತೋಪನ್ನು ಸುಡಿಸಿದರೂ ಆ ಹರಕೆ ನಿಲ್ಲದೆ ಹತ್ತೊಂಬತ್ತನೆಯ ಶತಮಾನದವರೆಗೂ ನಡೆದುಬಂದಿತು.

ಈ ಎಲ್ಲ ಕಥೆಗಳಲ್ಲಿಯೂ ಪ್ರಾಣಿಯ ನಿಷ್ಠೆಯನ್ನು ಕೇಳುಗರು ಕೊಂಡಾಡುತ್ತಾರೆ, ದುಡುಕಿದವರನ್ನು ನಿಂದಿಸುತ್ತಾರೆ. ಅದಕ್ಕಿಂತ ಮೊದಲು ನಡೆದ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ತೊಟ್ಟಿಲ ಬಳಿ ದೊಡ್ಡವರು ಯಾರೂ ಇರಲಿಲ್ಲ! ಕೂಸಿನ ಕಾವಲನ್ನು ಒಂದು ಮೂಕಪ್ರಾಣಿಗೆ ಒಪ್ಪಿಸಿದ ಮೇಲೆ, ಆ ಪ್ರಾಣಿ ಕಾಪಾಡಿದರೂ ಕೊಂದರೂ ಅದು ಮನೆಯವರ ಹೊಣೆಯೇ. ನಾಯಿಯನ್ನು ಸಂತನನ್ನಾಗಿ ಮಾಡಿದ ಜನರು ಕೂಸುಗಳನ್ನು ಮತ್ತೆ ಒಂಟಿಯಾಗಿ ಬಿಟ್ಟರೆಂದರೆ, ಕಥೆಯ ನಿಜವಾದ ಪಾಠ ಅವರಿಗೆ ಮುಟ್ಟಲಿಲ್ಲವೆಂದೇ ಹೇಳಬೇಕು.

ಮಗುವಿನ ಪಕ್ಷದಂತೆ ನಾಯಿಯ ಪಕ್ಷವೂ ಒಂದುಂಟು. ಮಹಾಭಾರತದ ಆದಿಪರ್ವದಲ್ಲಿ, ಜನಮೇಜಯನು ಸತ್ರ ನಡೆಸುತ್ತಿದ್ದಾಗ ಬಂದ ನಾಯಿಮರಿಯೊಂದನ್ನು ಅವನ ತಮ್ಮಂದಿರು ಹೊಡೆದು ಓಡಿಸುತ್ತಾರೆ. ಮರಿ ಹವಿಸ್ಸನ್ನು ನೆಕ್ಕಿರಲಿಲ್ಲ, ಕಣ್ಣೆತ್ತಿ ನೋಡಿಯೂ ಇರಲಿಲ್ಲ. ಅದರ ತಾಯಿಯಾದ ಸರಮೆ ಬಂದು, ನಿರಪರಾಧಿಯನ್ನು ಏಕೆ ಹೊಡೆದಿರೆಂದು ಕೇಳಿದಾಗ ರಾಜಕುಮಾರರಲ್ಲಿ ಉತ್ತರವಿಲ್ಲ. ಎಣಿಸದ ಕಡೆಯಿಂದ ಭಯ ಬರಲೆಂದು ಅವಳು ಶಪಿಸುತ್ತಾಳೆ. ಬಾಲವನ್ನೆಳೆದು, ಕಿವಿ ತಿರುಚಿ, ಉಣ್ಣುವಾಗ ತಟ್ಟೆಗೆ ಕೈಹಾಕುವ ಎಷ್ಟೋ ಮಕ್ಕಳಿಗೆ ನಾಯಿ ಕಚ್ಚಿದಾಗ, ಅದು ಎಣಿಸದ ಕಡೆಯಿಂದ ಬಂದ ಭಯವೆಂದೇ ಮನೆಯವರಿಗೆ ತೋರುತ್ತದೆ. ನಾಯಿಯಾದರೋ ಬಹಳ ಹೊತ್ತಿನಿಂದ ತನ್ನ ಭಾಷೆಯಲ್ಲಿ ಬೇಡವೆನ್ನುತ್ತಿರುತ್ತದೆ. ಮುಖ ತಿರುಗಿಸುವುದು, ನಿದ್ದೆಯಿಲ್ಲದೆ ಆಕಳಿಸುವುದು, ತುಟಿ ನೆಕ್ಕುವುದು, ಮೈ ಬಿಗಿಹಿಡಿದು ಕದಲದೆ ನಿಲ್ಲುವುದು, ಗುರುಗುಟ್ಟುವುದು, ಇವೆಲ್ಲ ಎಚ್ಚರಿಕೆಯ ಮಾತುಗಳು. ಗುರುಗುಟ್ಟಿದುದಕ್ಕಾಗಿ ನಾಯಿಯನ್ನು ಹೊಡೆದರೆ, ಮುಂದೆ ಅದು ಎಚ್ಚರಿಸದೆ ಕಚ್ಚುವುದನ್ನು ಕಲಿಯುತ್ತದೆ. ಬೊಗಳುವ ನಾಯಿ ಕಚ್ಚುವುದಿಲ್ಲವೆಂಬ ಗಾದೆಯನ್ನು ಈ ವಿಷಯದಲ್ಲಿ ನಂಬಲಾಗದು.

ಕಡಿತವೆಂದರೆ ನಮ್ಮ ದೇಶದಲ್ಲಿ ಗಾಯದ ಪ್ರಶ್ನೆ ಮಾತ್ರವಲ್ಲ. ಹುಚ್ಚುನಾಯಿಯ ರೋಗದ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ಬದುಕುವುದು ಅತ್ಯಂತ ವಿರಳ. 1885ರ ಜುಲೈ 6ರಂದು ಪ್ಯಾರಿಸ್ಸಿನಲ್ಲಿ ಲೂಯಿ ಪಾಸ್ತರನ ಚಿಕಿತ್ಸೆಯನ್ನು ಮೊದಲು ಪಡೆದ ಯೋಸೆಫ್ ಮೈಸ್ಟರ್ ಒಂಬತ್ತು ವರ್ಷದ ಹುಡುಗ. ಅದೇ ವರ್ಷ, ಚಿಕ್ಕ ಹುಡುಗರ ಮೇಲೆರಗಿದ ಹುಚ್ಚುನಾಯಿಯೊಡನೆ ಸೆಣಸಿ ಅವರನ್ನು ಉಳಿಸಿದ ಜುಪಿಯ್ ಎಂಬ ಕುರಿಗಾಹಿ ಬಾಲಕನೂ ಆ ಚಿಕಿತ್ಸೆಯಿಂದ ಬದುಕಿದನು. ಭಾರತದಲ್ಲಿ ಕಸೌಲಿಯ ಸಂಸ್ಥೆ 1900ರಲ್ಲಿ, ಕೂನೂರಿನದು 1907ರಲ್ಲಿ ಪ್ರಾರಂಭವಾದುವು. ಹೊಕ್ಕಳ ಸುತ್ತ ಹದಿನಾಲ್ಕು ಸೂಜಿಗಳೆಂದು ಹಿಂದಿನವರು ನಡುಗುತ್ತಿದ್ದ ಆ ಹಳೆಯ ಲಸಿಕೆ 2005ರ ವೇಳೆಗೆ ನಿಂತುಹೋಗಿ, ತೋಳಿಗೆ ಕೊಡುವ ಸುರಕ್ಷಿತವಾದ ಲಸಿಕೆ ಬಳಕೆಗೆ ಬಂದಿದೆ. ಶಂಕಿತ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ನೂರಕ್ಕೆ ನಲವತ್ತರಷ್ಟು ಮಂದಿ ಹದಿನೈದು ವರ್ಷಕ್ಕೆ ಕೆಳಗಿನ ಮಕ್ಕಳೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದುದರಿಂದ ಗಾಯಕ್ಕೆ ಅರಿಸಿನ, ಸುಣ್ಣ, ಮೆಣಸಿನ ಪುಡಿಗಳನ್ನು ಮೆತ್ತದೆ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ವೈದ್ಯರ ಬಳಿಗೆ ಹೋಗಬೇಕು. ಪೆಟ್ಟು ಬೀಳುವುದೆಂಬ ಹೆದರಿಕೆಯಿಂದ ಮಗು ಕಡಿತವನ್ನು ಮುಚ್ಚಿಡದಂತೆ ಮನೆಯ ವಾತಾವರಣವಿರಬೇಕು. ಇದು ಲಸಿಕೆಯಷ್ಟೇ ಮುಖ್ಯ.

ಹಾಗಾದರೆ ಎಂಥ ನಾಯಿಯನ್ನು ತರಬೇಕು? ಮೊದಲು ಮನೆಯನ್ನು ಅಳೆದುಕೊಂಡು ಆಮೇಲೆ ನಾಯಿಯನ್ನು ಹುಡುಕಬೇಕು. ದಿನಕ್ಕೆರಡು ಹೊತ್ತು ಅದನ್ನು ಹೊರಗೆ ಕರೆದೊಯ್ಯುವವರು ಯಾರು, ಹತ್ತು ಹನ್ನೆರಡು ವರ್ಷ ಸಾಕುವ ಶಕ್ತಿಯುಂಟೆ, ಎಂಬುದಕ್ಕೆ ಉತ್ತರ ದೊರೆತಿರಬೇಕು. ಈ ಹೊಣೆ ದೊಡ್ಡವರದು. ಮಕ್ಕಳ ಮಾತಿನ ಮೇಲೆ ಬಿಡತಕ್ಕದ್ದಲ್ಲ. ಸಾಧ್ಯವಾದರೆ ಮರಿಯ ತಾಯಿಯನ್ನು ನೋಡಬೇಕು; ತಾಯಿ ಹೆದರುಪುಕ್ಕಲೋ ಸಿಡುಕಿಯೋ ಆಗಿದ್ದರೆ ಮರಿಯ ವಿಷಯದಲ್ಲಿ ಯೋಚಿಸಬೇಕು. ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಅಗಲಿಸಬಾರದು. ಅಮೆರಿಕದ ಸ್ಕಾಟ್ ಮತ್ತು ಫುಲರ್ ಎಂಬ ವಿಜ್ಞಾನಿಗಳು 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗಿನ ಅವಧಿಯಲ್ಲಿ ಮರಿ ಯಾರೊಡನೆ ಬಳಕೆಯಾಗುವುದೋ ಅವರನ್ನು ತನ್ನವರೆಂದು ತಿಳಿಯುವುದನ್ನು ತೋರಿಸಿದರು. ಆ ಕಾಲದಲ್ಲಿ ಮಕ್ಕಳ ದನಿ, ನಡೆ, ಓಟಗಳಿಗೆ ಅದು ಒಗ್ಗಬೇಕು. ತೀರ ಎಳೆಯ ಮಕ್ಕಳಿರುವಲ್ಲಿ, ಸ್ವಭಾವ ತಿಳಿದಿರುವ ಶಾಂತವಾದ ಬೆಳೆದ ನಾಯಿ ಮರಿಗಿಂತ ಮೇಲಾಗಬಹುದು. ನಮ್ಮ ಬೀದಿಯ ನಾಡನಾಯಿಯೂ ಇಲ್ಲಿನ ಹವೆಗೆ ಹೊಂದಿಕೊಂಡದ್ದು. ಮರಿಯಾಗಿದ್ದಾಗಲೇ ತಂದು ಪಳಗಿಸಿದರೆ ಒಳ್ಳೆಯ ಸಂಗಾತಿಯಾಗುತ್ತದೆ.

ತಂದ ಮೇಲೆ ಅದಕ್ಕೆ ಮನೆಯಲ್ಲಿ ಒಂದು ಮೂಲೆಯನ್ನು ಬಿಟ್ಟುಕೊಟ್ಟು, ಅಲ್ಲಿ ಮಲಗಿರುವಾಗಲೂ ಉಣ್ಣುವಾಗಲೂ ಮಕ್ಕಳು ಮುಟ್ಟದಂತೆ ಕಟ್ಟುಮಾಡಬೇಕು. ಮೂರು ತಿಂಗಳಿಗೆ ಹುಚ್ಚುರೋಗದ ಲಸಿಕೆ, ಅನಂತರ ಪಶುವೈದ್ಯರು ಹೇಳಿದಂತೆ ಪುನಃ ಪುನಃ ಲಸಿಕೆ, ಕ್ರಮವಾಗಿ ಜಂತುವಿನ ಔಷಧ, ಇವು ತಪ್ಪಕೂಡದು. ನಾಯಿಯ ಜಂತುಗಳ ಮೊಟ್ಟೆ ಮಣ್ಣಿನಲ್ಲಿ ಆಡುವ ಮಕ್ಕಳ ಹೊಟ್ಟೆಯನ್ನು ಸೇರಬಲ್ಲುದು. ಮನೆಯಲ್ಲಿ ಬಾಣಂತನ ನಡೆಯುವುದಿದ್ದರೆ, ನಾಯಿಯ ದಿನಚರಿಯನ್ನು ತಿಂಗಳುಗಳ ಮೊದಲೇ ಹೊಸ ಕ್ರಮಕ್ಕೆ ತಿರುಗಿಸಬೇಕು. ಕೂಸು ಬಂದ ದಿನವೇ ಅದನ್ನು ಹೊರಗಟ್ಟಿದರೆ ಅದಕ್ಕೆ ಕೂಸೇ ಶತ್ರುವಾಗಿ ತೋರೀತು. ಇವೆಲ್ಲಕ್ಕೂ ಮಿಗಿಲಾದ ನಿಯಮ ಒಂದು. ನಾಯಿ ಎಷ್ಟೇ ಸಾಧುವಾಗಿರಲಿ, ಅದನ್ನೂ ಎಳೆಯ ಮಗುವನ್ನೂ ಒಂದು ಕೋಣೆಯಲ್ಲಿ ದೊಡ್ಡವರಿಲ್ಲದೆ ಬಿಡಬಾರದು.

ಹೀಗೆ ನಡೆಸಿದ ಮನೆಯಲ್ಲಿ ನಾಯಿಯಿಂದ ಮಗುವಿಗೆ ಆಗುವ ಲಾಭ ಸಣ್ಣದಲ್ಲ. ಮಾತಾಡದ ಜೀವವೊಂದರ ಇಷ್ಟಾನಿಷ್ಟಗಳನ್ನು ಊಹಿಸಿ ತಿಳಿಯುವುದನ್ನೂ, ಬೇಕೆನಿಸಿದಾಗಲೂ ಕೈಯನ್ನು ಹಿಂದಕ್ಕೆಳೆದುಕೊಳ್ಳುವುದನ್ನೂ ಅದು ಅಲ್ಲಿ ಕಲಿಯುತ್ತದೆ. ಓಬರ್‌ಕಾಸೆಲ್‌ನ ಜನರು ತಮ್ಮ ಮರಿಯ ಹಾಸಿಗೆಯ ಬಳಿ ಎಚ್ಚರವಾಗಿದ್ದರು. ಪಂಚತಂತ್ರದ ತಂದೆ ತನ್ನ ಮಗುವಿನ ತೊಟ್ಟಿಲ ಬಳಿ ಇರಲಿಲ್ಲ. ಮನೆಗೆ ನಾಯಿಯನ್ನು ತರುವ ಪ್ರತಿಯೊಬ್ಬ ಗೃಹಸ್ಥನೂ ಇವರಿಬ್ಬರಲ್ಲಿ ತಾನು ಯಾರಂತೆ ನಡೆಯಬೇಕೆಂಬುದನ್ನು ಮುಂಚಿತವಾಗಿ ನಿಶ್ಚಯಿಸಿಕೊಳ್ಳುವುದು ಒಳ್ಳೆಯದು.